ಸೋರುವ ಸಿಲಿಂಡರಿಗೆ ಮರುಜೀವ ಕೊಡುವ ಕಸುಬು

ಹಳೆಯ ಅಂಬಾಸಿಡರ್ ಕಾರಿಗೆ ಬ್ರೇಕಿನ ಹೊಸ ವೀಲ್ ಸಿಲಿಂಡರ್ ಹಾಕಿಸಿದ ವಾರದಲ್ಲೇ ಚಕ್ರದ ಒಳಮೈ ಒದ್ದೆಯಾದರೆ ಮಾಲೀಕರ ಬಾಯಲ್ಲಿ ಬರುವ ಮಾತು ಒಂದೇ: ‘ಡೂಪ್ಲಿಕೇಟ್ ಮಾಲು’. ಅದು ಕೆಲವೊಮ್ಮೆ ನಿಜವೂ ಹೌದು. 2014ರಲ್ಲಿ ಉತ್ತರಪಾರಾದ ಅಂಬಾಸಿಡರ್ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. ಈಗ ಸಿಕ್ಕಿದ್ದನ್ನೇ ಹಾಕಬೇಕು. ಆದರೆ ಒಂದು ಭಾಗವನ್ನು ಬೈದು ಇನ್ನೊಂದನ್ನು ತಂದು ಕೂರಿಸುವುದು ರಿಪೇರಿಯಲ್ಲ. ಸೋರಿಕೆ ಎಲ್ಲಿಂದ, ಯಾಕೆ ಎಂದು ಪತ್ತೆಹಚ್ಚುವುದು, ಸವೆದ ಸಿಲಿಂಡರಿನೊಳಗೆ ಸ್ಲೀವ್ ಎಂಬ ಲೋಹದ ಕೊಳವೆ ಹಾಕಿ ಮತ್ತೆ ದುಡಿಸುವುದು, ಇವೆರಡೂ ಸೇರಿದರೆ ಒಂದು ಪೂರ್ಣ ಕಸುಬು. ಅದನ್ನು ಕಳೆದುಕೊಂಡರೆ ಹಳೆಯ ಕಾರುಗಳು ಶೆಡ್ಡಿನ ಅಲಂಕಾರವಾಗಿ ಉಳಿಯುತ್ತವೆ, ಅಷ್ಟೆ.

ಕಾರಿನ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1921ರಲ್ಲಿ, ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ. ಸಿಲಿಂಡರಿನ ಪಿಸ್ಟನ್ ಬಳಿ ಆಯಿಲ್ ತಡೆಯುವ ಮೊದಲಿನ ಚರ್ಮದ ಕಪ್‌ಗಳು ಸೋರುತ್ತಿದ್ದವು. ರಬ್ಬರ್ ಕಪ್ ಬಂದ ಮೇಲೆ ಆ ಕಾಟ ತಗ್ಗಿತು. ಇಂದಿಗೂ ಎಲ್ಲದರ ಗುಟ್ಟು ಆ ಬೆರಳಗಲದ ಕಪ್ಪಿನಲ್ಲೇ ಇದೆ. ಪೆಡಲ್ ಒತ್ತಿದಾಗ ಆಯಿಲ್‌ನ ಒತ್ತಡವೇ ಕಪ್ಪಿನ ತೆಳು ಅಂಚನ್ನು ಅಗಲಿಸಿ ಸಿಲಿಂಡರಿನ ಗೋಡೆಗೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಬಿಗಿ. ಹೀಗಾಗಿ ಓಡಿಸುವಾಗ ಚೆನ್ನಾಗಿದ್ದ ಬ್ರೇಕ್ ರಾತ್ರಿ ನಿಂತಲ್ಲೇ ಹನಿಯಬಹುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಆ ತೇವದಿಂದ ಸಿಲಿಂಡರಿನ ಒಳಮೈಯಾದ ಬೋರ್‌ನಲ್ಲಿ ತುಕ್ಕಿನ ಸಣ್ಣ ಗುಳಿಗಳೇಳುತ್ತವೆ. ಹಳೆಯ ಸಿಲಿಂಡರನ್ನೇ ಉಳಿಸಿಕೊಂಡು ಬ್ರೇಕ್ ಶೂಗಳಿಗೆ ಹೊಸ ಲೈನರ್ ಹಾಕಿದಾಗ ಅವು ದಪ್ಪವಾಗಿ ಪಿಸ್ಟನ್ ಒಳಕ್ಕೆ ಸರಿಯುತ್ತದೆ, ಕಪ್ ಇಷ್ಟು ದಿನ ಮುಟ್ಟದಿದ್ದ ಆ ಗುಳಿಗಳ ಮೇಲೆ ಕೂರುತ್ತದೆ. ಸೋರಿಕೆ ಶುರುವಾದಾಗ ಬೈಗುಳ ಹೊಸ ಲೈನರಿಗೆ, ದೋಷ ಹಳೆಯ ಬೋರಿನದು.

ಆದ್ದರಿಂದ ಬಿಚ್ಚುವ ಮೊದಲು ನೋಡಬೇಕು. ಹಿಂಚಕ್ರ ಒದ್ದೆಯಾಗಿದ್ದರೆ ಅದು ಬ್ರೇಕ್ ಆಯಿಲೋ, ಆಕ್ಸೆಲ್ ಸೀಲ್ ದಾಟಿ ಬಂದ ಗೇರ್ ಆಯಿಲೋ? ಒಂದು ಲೋಟ ನೀರಿಗೆ ಹನಿ ಬಿಟ್ಟರೆ ಮಾಮೂಲಿ ಬ್ರೇಕ್ ಆಯಿಲ್ ಬೆರೆತುಹೋಗುತ್ತದೆ, ಗೇರ್ ಆಯಿಲ್ ತೇಲುತ್ತದೆ. ಸಿಲಿಂಡರಿನ ಧೂಳುಮುಚ್ಚಳ ಸರಿಸಿದಾಗ ಒಳಗೆ ಆಯಿಲ್ ನಿಂತಿದ್ದರೆ ಕಪ್ ಸೋರುತ್ತಿದೆ; ಒಳಗೆ ಒಣಗಿದ್ದು ಪೈಪಿನ ಬುಡ ಒದ್ದೆಯಾಗಿದ್ದರೆ ಜೋಡಣೆಯದೇ ತಪ್ಪು. ಇಂಗ್ಲಿಷ್ ಅಳತೆಯ 3/8 ಇಂಚಿನ ನಟ್ಟು 9.525 ಮಿ.ಮೀ.; ಅದನ್ನು 10 ಮಿ.ಮೀ. ಮೆಟ್ರಿಕ್ ತೂತಿಗೆ ತಿರುಗಿಸಿದರೆ ಕೂತಂತೆ ಕಾಣುತ್ತದೆ, ಹಿಡಿಯುವುದಿಲ್ಲ. ಬಳಸಿದ ತಾಮ್ರದ ವಾಷರನ್ನೇ ಮತ್ತೆ ಹಾಕಿದರೂ ಇದೇ ಪಾಡು; ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗಿರುತ್ತದೆ.

ಜೀವದ ಪ್ರಶ್ನೆ ಇರುವಲ್ಲಿ ಹಳೆಯದನ್ನು ತಿದ್ದುವುದೇಕೆ ಎಂಬ ಆಕ್ಷೇಪ ತೂಕದ್ದು. ಇಂಥ ಹಳೆಯ ಕಾರುಗಳ ಬ್ರೇಕಿಗೆ ಸಾಮಾನ್ಯವಾಗಿ ಒಂದೇ ಜಾಲ. ಒಂದು ಚಕ್ರ ಸೋರಿದರೆ ನಾಲ್ಕರ ಬಲವೂ ಹೋಗುತ್ತದೆ. ಹಾಗಾಗಿಯೇ ಕಪ್, ಹೋಸ್ ಎಂದಿಗೂ ಹೊಸದೇ ಆಗಬೇಕು. ಉಳಿಸಿಕೊಳ್ಳಬೇಕಾದ್ದು ಕಬ್ಬಿಣದ ಒಡಲನ್ನು ಮಾತ್ರ. ಲೇತ್‌ನಲ್ಲಿ ಬೋರ್ ಅಗಲಿಸಿ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಒತ್ತಿ, ಮತ್ತೆ ಮೂಲ ಅಳತೆಗೆ ಕೊರೆದು ನಯಗೊಳಿಸುತ್ತಾರೆ. ಆಯಿಲ್ ಬರುವ ತೂತು ಸ್ಲೀವಿನಲ್ಲೂ ಬೀಳಬೇಕು. ಸ್ಲೀವ್ ಸಡಿಲವಾದರೆ ಅದರ ಬೆನ್ನ ಹಿಂದಿನಿಂದಲೇ ಆಯಿಲ್ ಜಿನುಗುತ್ತದೆ ಎಂಬುದೂ ಸತ್ಯ. ಆದರೆ ಅದು ಕಳಪೆ ಕೈಯ ದೋಷ, ವಿಧಾನದ್ದಲ್ಲ. ಡಿಸ್ಕ್ ಬ್ರೇಕಿಗೆ ಬದಲಿಸಿಬಿಡಿ ಎನ್ನುವವರಿಗೂ ಉತ್ತರವಿದೆ: ಆಗ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಇಡೀ ಲೆಕ್ಕವೇ ಬದಲಾಗಬೇಕು, ಆದರೂ ತಪ್ಪಾಗಿ ಕೂರಿಸಿದ ನಟ್ಟು ಸೋರುತ್ತಲೇ ಇರುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲಿನಲ್ಲಿ ಹುಡುಕಿದರೆ ಬಿಡಿಭಾಗ ಸಿಗಬಹುದು. ಬೋರ್‌ನೊಳಗೆ ಬೆರಳಾಡಿಸಿ, ಉಗುರಿಗೆ ತಗುಲಿದ ಗುಳಿಯಲ್ಲೇ ಸೋರಿಕೆಯ ಕಾರಣ ಹೇಳುವ ಕೈ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದು ಪಕ್ಕದಲ್ಲಿ ನಿಂತು ಕಲಿಯುವ ಹುಡುಗನಿಗೆ ಮಾತ್ರ ದಾಟುತ್ತದೆ. ಆ ಜಾಗ ಈಗ ಬಹುಪಾಲು ಖಾಲಿ.