ರಿಪೋರ್ಟಿನಲ್ಲಿ ವೈರಸ್ ಕಾಣಲಿಲ್ಲ, ಮಾತ್ರೆ ಬಿಡಬಹುದೇ?

ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ ಗಳಗನಾಥವಿದೆ. ಅಲ್ಲಿಂದ ಹಾವೇರಿಯ ಜಿಲ್ಲಾಸ್ಪತ್ರೆಗೆ ಹೋಗಿ ಬರುವುದೆಂದರೆ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋದಂತೆ. ಈ ಕಡೆಯ ಹಳ್ಳಿಗಳಲ್ಲಿ, ಹಾಗೆಯೇ ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ, ಕ್ರೈಸ್ತರು ತೀರ ಸಣ್ಣ ಸಮುದಾಯ. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ಅದರೊಳಗೆ ಇವರು ಎದ್ದು ಕಾಣುವಷ್ಟೂ ಇಲ್ಲ. ಸಭೆ ಸಣ್ಣದಾದಷ್ಟೂ ಅಕ್ಕರೆ ಬೇಗ ಸಿಗುತ್ತದೆ, ಗುಟ್ಟು ಬೇಗ ಒಡೆಯುತ್ತದೆ. ಎಚ್‌ಐವಿ ಇರುವವರಿಗೆ ಎರಡೂ ಒಟ್ಟಿಗೇ ಬರುತ್ತವೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರೇ ಮರುದಿನ ಚಹಾದ ಲೋಟವನ್ನು ಬೇರೆ ಇಡುವುದುಂಟು.

ದೇವರಿದ್ದಾನೆಯೇ, ಪ್ರಾರ್ಥನೆ ಕೇಳುತ್ತಾನೆಯೇ ಎಂಬ ಚರ್ಚೆ ಇಲ್ಲಿಲ್ಲ. ನಂಬಿಕೆಯ ಹೆಸರು ಹೇಳಿಕೊಂಡು ಸುತ್ತುವ ಕೆಲವು ಮಾತುಗಳನ್ನಷ್ಟೇ ತೂಗಿ ನೋಡೋಣ. ಅವು ವೈದ್ಯಶಾಸ್ತ್ರದ ಎದುರು ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೈಬಲಿನ ಎದುರೂ ನಿಲ್ಲುವುದಿಲ್ಲ ಎಂಬುದನ್ನು ಹೇಳುವವರು ಕಡಿಮೆ.

‘ರಿಪೋರ್ಟಿನ್ಯಾಗ ವೈರಸ್ ಇಲ್ಲ ಅಂತ ಬಂದೈತಿ, ಸ್ವಾಮಿ ಗುಣ ಮಾಡ್ಯಾನ’

ಪ್ರಾಣಕ್ಕೇ ಎರವಾಗುವ ತಪ್ಪು ಇದು. ತಪ್ಪು ಹುಟ್ಟುವುದು ಸುಳ್ಳಿನಿಂದಲ್ಲ, ನಿಜವಾದ ಒಂದು ಕಾಗದದಿಂದ. ಎಆರ್‌ಟಿ ಎಂಬ ಎಚ್‌ಐವಿ ಹತ್ತಿಕ್ಕುವ ಮಾತ್ರೆ ಶುರು ಮಾಡಿದವರಿಗೆ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಪರೀಕ್ಷೆ ಮಾಡುತ್ತಾರೆ. ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇವೆ ಎಂಬ ಎಣಿಕೆ ಅದು. ದಿನವೂ ತಪ್ಪದೆ ಮಾತ್ರೆ ನುಂಗಿದವರಲ್ಲಿ ಈ ಎಣಿಕೆ ಯಂತ್ರಕ್ಕೂ ಸಿಗದಷ್ಟು ಇಳಿಯುತ್ತದೆ. ಆಗ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ಓದಿದವರಿಗೆ ಕಣ್ಣೀರು ಬರುವುದು ಸಹಜ. ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವುದೂ ಸಹಜ. ಕೇಡು ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ: ಗುಣವಾಗಿದೆ ಎಂದ ಮೇಲೂ ಮಾತ್ರೆ ನುಂಗಿದರೆ ಅದು ಅಪನಂಬಿಕೆಯಲ್ಲವೇ ಎಂದು ಯಾರೋ ಕೇಳುತ್ತಾರೆ, ಡಬ್ಬಿ ಮೂಲೆ ಸೇರುತ್ತದೆ.

‘ಪತ್ತೆಯಾಗಿಲ್ಲ’ ಎಂದರೆ ರಕ್ತದಲ್ಲಿ ಓಡಾಡುವ ವೈರಸ್ ಪತ್ತೆಯಾಗಿಲ್ಲ ಎಂದಷ್ಟೇ ಅರ್ಥ. ಎಚ್‌ಐವಿ ನಮ್ಮ ರೋಗನಿರೋಧಕ ಶಕ್ತಿಯ ಸಿಡಿ4 ಎಂಬ ಜೀವಕೋಶಗಳೊಳಗೆ ಹೊಕ್ಕು, ಆ ಕೋಶದ ಡಿಎನ್‌ಎಯೊಂದಿಗೆ ತನ್ನದನ್ನೂ ಹೆಣೆದುಬಿಡುತ್ತದೆ. ಮಾತ್ರೆಗಳು ಹೊಸ ವೈರಸ್ ತಯಾರಾಗದಂತೆ ತಡೆಯುತ್ತವೆ; ಹೆಣೆದುಕೊಂಡದ್ದನ್ನು ಬಿಡಿಸಲಾರವು. ಅಂಥ ಕೆಲವು ಕೋಶಗಳು ವರ್ಷಗಟ್ಟಲೆ ಸುಮ್ಮನಿರುತ್ತವೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಮಾತ್ರೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ರಕ್ತಕ್ಕೆ ಬರುತ್ತದೆ. ಮೊದಮೊದಲು ಮೈಗೆ ಏನೂ ಅನ್ನಿಸುವುದಿಲ್ಲ, ಹೀಗಾಗಿ ‘ನೋಡಿ, ಬಿಟ್ಟರೂ ಚೆನ್ನಾಗಿದ್ದೇನೆ’ ಎಂಬ ಎರಡನೇ ಸಾಕ್ಷಿಯೂ ಹುಟ್ಟುತ್ತದೆ. ಜ್ವರ, ಭೇದಿ, ಕ್ಷಯ ತಲೆಯೆತ್ತುವ ಹೊತ್ತಿಗೆ ಸಿಡಿ4 ಕುಸಿದಿರುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಇನ್ನೊಂದು ಅಪಾಯ: ವೈರಸ್ ಅದೇ ಔಷಧಕ್ಕೆ ಬಗ್ಗದಂತಾಗಬಹುದು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಮೊದಲ ಸಲ ಆಪ್ತ ಸಮಾಲೋಚನೆ ಕೇಂದ್ರದಲ್ಲಿ ಮಾಡುವ ಪರೀಕ್ಷೆ ವೈರಸ್ಸನ್ನು ಹುಡುಕುವುದಿಲ್ಲ. ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಮಾತ್ರೆ ನುಂಗುತ್ತಿರುವವರಲ್ಲಿ ಆ ಪರೀಕ್ಷೆ ‘ಪಾಸಿಟಿವ್’ ಎಂದೇ ಬರುತ್ತದೆ. ಒಂದು ಕಾಗದ ಇದೆ ಎನ್ನುತ್ತದೆ, ಇನ್ನೊಂದು ಕಾಣುತ್ತಿಲ್ಲ ಎನ್ನುತ್ತದೆ, ಎರಡೂ ನಿಜ.

ಇದು ನಮ್ಮ ಹಳ್ಳಿಯವರ ಅಜ್ಞಾನ ಎಂದುಕೊಳ್ಳಬೇಡಿ. ಪಾಸ್ಟರ್‌ಗಳ ಮಾತು ಕೇಳಿ ಮಾತ್ರೆ ಬಿಟ್ಟ ಕನಿಷ್ಠ ಮೂವರು ಲಂಡನ್ನಿನಲ್ಲಿ ತೀರಿಕೊಂಡದ್ದನ್ನು 2011ರಲ್ಲಿ ಬಿಬಿಸಿ ವರದಿ ಮಾಡಿತ್ತು.

ಇನ್ನು ಬೈಬಲಿನ ಕಡೆಗೆ. ಲೂಕನ ಸುವಾರ್ತೆಯಲ್ಲಿ ಹತ್ತು ಕುಷ್ಠರೋಗಿಗಳ ಪ್ರಸಂಗವಿದೆ. ಯೇಸು ಅವರನ್ನು ಯಾಜಕರ ಬಳಿಗೆ ಕಳಿಸುತ್ತಾನೆ, ಮೈ ತೋರಿಸಿ ಬನ್ನಿ ಎಂದು. ಮೋಶೆಯ ಕಟ್ಟಳೆಯಲ್ಲಿ ಚರ್ಮ ನೋಡಿ, ಗುಣವಾಗಿದೆ ಅಥವಾ ಇಲ್ಲ ಎಂದು ಹೇಳುವ ಹೊಣೆ ಯಾಜಕನದು. ಅಂದರೆ ಗುಣವಾದದ್ದನ್ನು ಬಲ್ಲವರು ಪರೀಕ್ಷಿಸಬೇಕೆಂಬುದು ಆ ಕಾಲಕ್ಕೇ ಇದ್ದ ಪದ್ಧತಿ. ಅರಸ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಪಟ್ಟು ಹಾಕಿಸಿದ. ಪ್ರಾರ್ಥನೆಗೆ ಉತ್ತರ ಸಿಕ್ಕ ಮೇಲೆಯೇ ಹಾಕಿಸಿದ್ದು! ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ. ಅದೇ ಪೌಲ ತನ್ನ ಮೈಯಲ್ಲಿನ ಬಾಧೆ ಹೋಗಲೆಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಅವನ ನಂಬಿಕೆ ಕಡಿಮೆಯಿತ್ತು ಎನ್ನುವ ಧೈರ್ಯ ಯಾವ ಪ್ರಸಂಗಿಗಿದೆ?

ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ ಕಥೆಯನ್ನೂ ಇಲ್ಲಿ ನೆನೆಯಬೇಕು. 1986ರಲ್ಲಿ ಚೆನ್ನೈಯ ಸೆಲ್ಲಪ್ಪನ್ ನಿರ್ಮಲಾ ಎಂಬ ಯುವ ಸಂಶೋಧಕಿ ತಮ್ಮ ಮಾರ್ಗದರ್ಶಕಿ ಡಾ. ಸುನೀತಿ ಸಾಲೊಮನ್ ಅವರ ಸೂಚನೆಯಂತೆ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಅವುಗಳ ಪರೀಕ್ಷೆ ನಡೆದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಮಿಷನ್ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ. ನಂಬಿಕೆಗೂ ಪ್ರಯೋಗಾಲಯಕ್ಕೂ ಹಗೆಯೆಂದು ಹೇಳುವವರು ಈ ಇತಿಹಾಸ ಮರೆತಿದ್ದಾರೆ.

ವೈರಸ್ ಪತ್ತೆಯಾಗದ ಸ್ಥಿತಿ ಸಂತೋಷಪಡಬೇಕಾದದ್ದೇ, ಬೇರೆ ಕಾರಣಕ್ಕೆ. ಮಾತ್ರೆ ಮುಂದುವರಿಸಿ ಆ ಸ್ಥಿತಿ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲ. 2016 ಮತ್ತು 2019ರಲ್ಲಿ ಪ್ರಕಟವಾದ ‘ಪಾರ್ಟ್ನರ್’ ಅಧ್ಯಯನಗಳಲ್ಲಿ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರೂ ಅಂಥ ಒಂದೂ ಪ್ರಕರಣ ಸಿಗಲಿಲ್ಲ. ಸಾಕ್ಷಿ ಹೇಳುವುದಾದರೆ ಇದನ್ನು ಹೇಳಲಿ.

‘ಉಪವಾಸ ಪ್ರಾರ್ಥನಿ ಇದ್ದಾಗ ಗುಳಿಗಿ ತಗೋಬಾರದು’

ತಗೊಳ್ಳಬಹುದು, ತಗೊಳ್ಳಲೇಬೇಕು. ಈಗ ಹೆಚ್ಚಿನವರಿಗೆ ಕೊಡುವುದು ಮೂರು ಔಷಧ ಸೇರಿದ, ದಿನಕ್ಕೊಂದೇ ಮಾತ್ರೆ. ಊಟವಾಗಿರಲಿ, ಖಾಲಿ ಹೊಟ್ಟೆಯಿರಲಿ, ನೀರಿನ ಜೊತೆ ನುಂಗಬಹುದು. ಉಪವಾಸದಿಂದ ಎದೆಯುರಿ ಬಂದು ಆಸಿಡಿಟಿಯ ಔಷಧ ಕುಡಿಯುವವರು ಮಾತ್ರ ಒಂದು ನೆನಪಿಡಬೇಕು: ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಅಂಥ ಔಷಧ ಈ ಮಾತ್ರೆಯೊಳಗಿನ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತದೆ. ಎಚ್‌ಐವಿ ಮಾತ್ರೆಯನ್ನು ಅದಕ್ಕಿಂತ ಎರಡು ತಾಸು ಮೊದಲು ಅಥವಾ ಆರು ತಾಸು ಆದಮೇಲೆ ನುಂಗಬೇಕು.

‘ಮಾಡಿದ್ದುಣ್ಣೋ ಮಾರಾಯ’

ಪಾಪ ಮಾಡಿದವರಿಗೆ ದೇವರು ಕೊಟ್ಟ ಶಿಕ್ಷೆ ಎಂಬ ಮಾತನ್ನು ವೇದಿಕೆಯಿಂದ ಇಂಗಿತವಾಗಿಯೂ ಮನೆಯಲ್ಲಿ ನೇರವಾಗಿಯೂ ಕೇಳುತ್ತೇವೆ. ನನಗೆ ಕಾಣುವಂತೆ ಇದು ಬೈಬಲಿಗಿಂತ ನಮ್ಮೂರ ಕರ್ಮದ ಲೆಕ್ಕಕ್ಕೆ ಹತ್ತಿರ. ಶಿಲುಬೆ ತೊಟ್ಟಿದೆ ಅಷ್ಟೇ. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಇದೇ ಲೆಕ್ಕ ಕೇಳಿದ್ದರು: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಯೋಹಾನನ ಒಂಬತ್ತನೇ ಅಧ್ಯಾಯ ತೆಗೆದು ನೋಡಿ, ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಯೋಬನ ಗೆಳೆಯರೂ ಅಧ್ಯಾಯಗಟ್ಟಲೆ ಇದನ್ನೇ ವಾದಿಸಿ ಕೊನೆಗೆ ದೇವರಿಂದ ಬೈಸಿಕೊಂಡವರು.

ಮದುವೆಯಾದ ಗಂಡನನ್ನು ಬಿಟ್ಟು ಬೇರೆಯವರನ್ನು ಅರಿಯದ ಹೆಣ್ಣುಮಕ್ಕಳು, ತಾಯಿಯಿಂದ ಸೋಂಕು ಪಡೆದು ಹುಟ್ಟಿದ ಮಕ್ಕಳು ಎಆರ್‌ಟಿ ಕೇಂದ್ರಗಳ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗೆಂದು ‘ನಿರಪರಾಧಿ ರೋಗಿ, ಅಪರಾಧಿ ರೋಗಿ’ ಎಂದು ಎರಡು ಪಂಗಡ ಮಾಡುವುದೂ ಬೇಡ. ಲಾರಿ ಓಡಿಸುವವನಿಗೂ, ಮೈಮಾರಿ ಬದುಕಿದವಳಿಗೂ ಅದೇ ಮಾತ್ರೆ, ಅದೇ ಮರ್ಯಾದೆ ಸಲ್ಲಬೇಕು.

ಉಗಾಂಡದ ಆಂಗ್ಲಿಕನ್ ಗುರು ಗಿಡಿಯನ್ ಬ್ಯಾಮುಗಿಶಾ 1992ರಲ್ಲಿ ತಮಗೆ ಎಚ್‌ಐವಿ ಇದೆಯೆಂದು ಬಹಿರಂಗವಾಗಿ ಹೇಳಿದರು. ಆಫ್ರಿಕಾದಲ್ಲಿ ಹಾಗೆ ಹೇಳಿದ ಮೊದಲ ಧರ್ಮಗುರು ಅವರು. ಗುರುಪಟ್ಟ ಬಿಡಲಿಲ್ಲ. ಎಚ್‌ಐವಿ ಇದ್ದ ಮಹಿಳೆಯನ್ನು ಮರುಮದುವೆಯಾದರು, ಸೋಂಕಿಲ್ಲದ ಮಕ್ಕಳಿಗೆ ತಂದೆಯಾದರು, ಸೋಂಕಿರುವ ಧರ್ಮಗುರುಗಳದೇ ಒಂದು ಒಕ್ಕೂಟ ಕಟ್ಟಿದರು. ನಮ್ಮಲ್ಲಿಯೂ, ಉಚಿತ ಎಆರ್‌ಟಿ ಇನ್ನೂ ಬಾರದಿದ್ದ ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನಲ್ಲಿ ಕಮಿಲಿಯನ್ ಎಂಬ ಕ್ಯಾಥೊಲಿಕ್ ಸಂಘದ ಗುರುಗಳು ‘ಸ್ನೇಹದಾನ’ ತೆರೆದು ಮನೆಯವರು ಕೈಬಿಟ್ಟವರ ಆರೈಕೆಗೆ ನಿಂತರು. ಸರ್ಕಾರದ ಉಚಿತ ಮಾತ್ರೆ ಬಂದದ್ದು 2004ರ ಏಪ್ರಿಲ್‌ನಿಂದ.

‘ಪ್ರಾರ್ಥನಿ ಮಾಡಾಕ ಹೇಳಿದ್ರ ತಪ್ಪೇನು?’

ತಪ್ಪಿದೆ. ‘ನಮ್ಮ ಸಹೋದರಿಗೆ ಇಂಥ ಕಾಯಿಲೆ, ಎಲ್ಲರೂ ಪ್ರಾರ್ಥಿಸಿ’ ಎಂದು ಮೈಕಿನಲ್ಲಿ ಹೇಳಿದ ಮೇಲೆ ಆ ಸಹೋದರಿ ಸಂಜೆಯೊಳಗೆ ಇಡೀ ಊರಿಗೆ ರೋಗಿಯಾಗಿರುತ್ತಾಳೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸಕ್ಕೆ ಹೋದರೆ ಪಕ್ಕದಲ್ಲಿ ಯಾರೂ ಕೂರಲಿಕ್ಕಿಲ್ಲ. ಮಗಳ ಸಂಬಂಧ ಮುರಿಯಬಹುದು. ಇದು ಬರೀ ಔಚಿತ್ಯದ ಪ್ರಶ್ನೆಯೂ ಅಲ್ಲ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ನಂಬಿಕೆಯಿಟ್ಟು ಹೇಳಿದ ಎಚ್‌ಐವಿ ವಿಷಯವನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತಿಳಿಸುವುದನ್ನು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಿಸುವುದಕ್ಕೂ ಅವಕಾಶವಿಲ್ಲ. ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆಗಳಲ್ಲಿ ಭೇದ ಮಾಡುವಂತಿಲ್ಲ. ಸೋಂಕಿತರ ವಿರುದ್ಧ ದ್ವೇಷ ಹರಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ.

ಹೆಸರು ಹೇಳದೆ, ‘ಒಬ್ಬ ಸಹೋದರಿಯ ಆರೋಗ್ಯಕ್ಕಾಗಿ’ ಎಂದರೂ ಪ್ರಾರ್ಥನೆ ಆಗುತ್ತದೆ. ದೇವರಿಗೆ ವಿಳಾಸ ಬೇಕಿಲ್ಲ.

ಪಾತ್ರೆ, ಸಮಾಧಿ, ಮದುವೆ

ಪ್ರಭುಭೋಜನದ ಸಂಸ್ಕಾರದಲ್ಲಿ ಎಲ್ಲರೂ ಕುಡಿಯುವ ಪಾತ್ರೆಯಿಂದ ಎಚ್‌ಐವಿ ಬರುವುದಿಲ್ಲ. ಎಂಜಲು, ಕಣ್ಣೀರು, ಬೆವರು, ಅಪ್ಪುಗೆ, ಸೊಳ್ಳೆ, ಯಾವುದರಿಂದಲೂ ಬರುವುದಿಲ್ಲ. ತೀರಿಕೊಂಡವರ ದೇಹವನ್ನು ಸಾಮಾನ್ಯ ಎಚ್ಚರಿಕೆಯಿಂದ, ಕೈಗವಸು ಹಾಕಿಕೊಂಡು ತೊಳೆದು, ಎಲ್ಲರಂತೆ ಹೂಳಬಹುದು.

ಮದುವೆಯ ಮಾತಿಗೆ ಸ್ವಲ್ಪ ವಿವರ ಬೇಕು. ‘ಇವರು ಮದುವೆಯಾಗಬಾರದು, ಮಕ್ಕಳು ಬೇಡ’ ಎನ್ನುವವರು ಹಳೆಯ ಕಾಲದಲ್ಲೇ ನಿಂತಿದ್ದಾರೆ. ಸಂಗಾತಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆಯಿಂದ ಆದ ಮದುವೆಗೆ ಯಾವ ಅಡ್ಡಿಯೂ ಇಲ್ಲ. ಮುಚ್ಚಿಟ್ಟು ಆಗುವುದು ಮಾತ್ರ ಅನ್ಯಾಯ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ಶೇ 15ರಿಂದ 45 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿ ತಪ್ಪದೆ ಮಾತ್ರೆ ನುಂಗಿ, ಹುಟ್ಟಿದ ಮಗುವಿಗೂ ಔಷಧ ಕೊಟ್ಟರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಮಗುವಿನ ಮೊದಲ ಪರೀಕ್ಷೆ ಆರು ವಾರಕ್ಕೆ, ಖಚಿತವಾಗಿ ಹೇಳುವುದು ಹದಿನೆಂಟು ತಿಂಗಳಿಗೆ. ಅಲ್ಲಿಯವರೆಗೆ ಆ ತಾಯಿಗೆ ಬೇಕಾದದ್ದು ಜೊತೆಗೊಬ್ಬರು. ಸಭೆಯ ಹೆಂಗಸರು ಮನಸ್ಸು ಮಾಡಿದರೆ ಈ ಕೆಲಸ ಯಾವ ಸಮಾಲೋಚಕರಿಗಿಂತಲೂ ಚೆನ್ನಾಗಿ ಮಾಡಬಲ್ಲರು.

ಕೊನೆಗೆ ಸಭಾಪಾಲಕರಲ್ಲಿ ಒಂದು ಕೋರಿಕೆ. ಯಾರಾದರೂ ಗುಣವಾಗಿದೆಯೆಂದು ಸಾಕ್ಷಿ ಹೇಳಲು ಬಂದರೆ, ಮಾತ್ರೆ ನಡೆಯುತ್ತಿದೆಯೇ ಎಂದು ಮೊದಲು ಏಕಾಂತದಲ್ಲಿ ಕೇಳಿ. ನಿಲ್ಲಿಸಿದ್ದರೆ ಬೈಯದೆ ಎಆರ್‌ಟಿ ಕೇಂದ್ರಕ್ಕೆ ಕಳಿಸಿ. ಬಿಟ್ಟು ಹೋದವರು ಮರಳಿ ಬಂದರೂ ಅಲ್ಲಿ ಚಿಕಿತ್ಸೆ ಉಚಿತ. ಬಸ್ಸಿನ ಖರ್ಚಿಗೆ ಕಾಣಿಕೆ ಡಬ್ಬಿಯಿಂದ ನೂರು ರೂಪಾಯಿ ಕೊಟ್ಟರೆ ಇನ್ನೂ ಒಳ್ಳೆಯದು. ಆರೋಗ್ಯ ಸ್ಥಿರವಾಗಿರುವವರಿಗೆ ಒಂದೇ ಸಲಕ್ಕೆ ಕೆಲವು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆಯಿದೆ, ಅದನ್ನು ಕೇಳಿ ಪಡೆಯಿರಿ. ಹೆಸರು ಹೇಳದೆ ಮಾಹಿತಿ ಕೇಳಬೇಕೆನ್ನುವವರಿಗೆ 1097 ಉಚಿತ ಸಹಾಯವಾಣಿ.