ಕಾಳುಮೆಣಸು ಹುಡುಕಿ ಹೋದವರು

ಅಡಿಕೆ ಮರಕ್ಕೂ ಕಾಫಿ ತೋಟದ ನೆರಳಿನ ಮರಕ್ಕೂ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ನಾವು ಉಪಬೆಳೆ ಎಂದು ಕರೆಯುತ್ತೇವೆ. ಉಳಿದೆಲ್ಲ ಲೆಕ್ಕ ಮುಗಿದ ಮೇಲೆ ಅದರ ಲೆಕ್ಕ ಬರೆಯುವುದು ನಮ್ಮ ಪದ್ಧತಿ. ಆದರೆ ಐನೂರು ವರ್ಷಗಳ ಹಿಂದೆ ಯೂರೋಪಿನ ರಾಜರ, ಸಾಹುಕಾರರ ನಿದ್ದೆ ಕೆಡಿಸಿದ್ದು ಈ ಬಳ್ಳಿಯೇ. ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಮೆಣಸು ಕೆಂಪು ಸಮುದ್ರ ದಾಟಿ, ಅಲೆಕ್ಸಾಂಡ್ರಿಯ ಸೇರಿ, ವೆನಿಸ್ಸಿನ ವರ್ತಕರ ಕೈಗೆ ಬರುವಷ್ಟರಲ್ಲಿ ಕೈ ಬದಲಾದಷ್ಟು ಸಲವೂ ಅದರ ಧಾರಣೆ ಏರಿರುತ್ತಿತ್ತು. ಮಧ್ಯವರ್ತಿಯನ್ನು ಬಿಟ್ಟು ನೇರವಾಗಿ ವ್ಯವಹರಿಸಿದರೆ ಎಷ್ಟು ಉಳಿದೀತು ಎಂಬ ಲೆಕ್ಕ ನಮ್ಮ ಸದಸ್ಯರಿಗೆ ಹೊಸದೇನಲ್ಲ. ಸಹಕಾರ ಸಂಘಗಳು ಹುಟ್ಟಿದ್ದೇ ಆ ಲೆಕ್ಕದಿಂದ. ಅಲ್ಲಿ ಮಾತ್ರ ಲೆಕ್ಕ ಹಾಕಿದವನು ಕೊಳ್ಳುವವನು.

ಜಿನೋವಾದ ನಾವಿಕ ಕ್ರಿಸ್ಟೋಫರ್ ಕೊಲಂಬಸ್, ಪಶ್ಚಿಮಕ್ಕೆ ಹಡಗು ಬಿಟ್ಟರೂ ಪೂರ್ವದ ದೇಶಗಳು ಸಿಕ್ಕಾವು ಎಂದು ವಾದಿಸಿದ. ಅವನನ್ನು ವಿರೋಧಿಸಿದ ಪಂಡಿತರು ಭೂಮಿ ಚಪ್ಪಟೆ ಎಂದು ನಂಬಿದ್ದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು ಸರಿಯಲ್ಲ. ಭೂಮಿ ದುಂಡಗಿದೆಯೆಂದು ಅವರೂ ಬಲ್ಲರು. ತಕರಾರು ಇದ್ದದ್ದು ದೂರದ ಬಗ್ಗೆ. ಕೆನರಿ ದ್ವೀಪಗಳಿಂದ ಜಪಾನಿಗೆ ಸುಮಾರು 2,400 ಸಮುದ್ರ ಮೈಲಿ ಎಂದು ಕೊಲಂಬಸ್ ಹಿಡಿದಿದ್ದ. ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಪಂಡಿತರ ಲೆಕ್ಕವೇ ಸರಿಯಾಗಿತ್ತು. ನಡುವೆ ಯಾರೂ ಎಣಿಸದ ಖಂಡವೊಂದು ಅಡ್ಡ ಬಂದದ್ದರಿಂದ ಕೊಲಂಬಸ್ ಬದುಕಿಕೊಂಡ.

1492ರ ಏಪ್ರಿಲ್ 17ರಂದು ಸ್ಪೇನಿನ ರಾಜದಂಪತಿಗಳೊಡನೆ ಅವನ ಕರಾರು ಆಯಿತು. ಸಿಕ್ಕಿದ ಲಾಭದಲ್ಲಿ ಹತ್ತರಲ್ಲೊಂದು ಪಾಲು ಅವನಿಗೆ, ಜೊತೆಗೆ ಸಿಕ್ಕ ನಾಡಿನ ರಾಜಪ್ರತಿನಿಧಿಯ ಪದವಿ. ಇನ್ನೂ ಕಾಣದ ನಾಡನ್ನು ಹೀಗೆ ಮೊದಲೇ ಪಾಲು ಮಾಡಿಕೊಂಡು, ಆಗಸ್ಟ್ 3ರಂದು ಮೂರು ಹಡಗುಗಳು ಪಾಲೋಸ್ ಬಂದರಿನಿಂದ ಹೊರಟವು. ಅಕ್ಟೋಬರ್ 12ರಂದು ಬಹಾಮಾ ದ್ವೀಪಗಳಲ್ಲೊಂದು ಕಂಡಿತು. ಅಲ್ಲಿಂದ ಕ್ಯೂಬಾಕ್ಕೆ ಹೋದಾಗ ಕೊಲಂಬಸ್ ಅದನ್ನು ಏಷ್ಯಾದ ನೆಲವೆಂದೇ ತಿಳಿದು, ಚೀನದ ಮಹಾಖಾನನನ್ನು ಕಾಣಲು ದೂತರನ್ನು ಕಳಿಸಿದ. ಅವರಲ್ಲಿ ಒಬ್ಬನಾದ ಲೂಯಿ ದ ತೋರೆಸ್ ಹೀಬ್ರೂ ಮತ್ತು ಅಲ್ಪಸ್ವಲ್ಪ ಅರಬಿ ಬಲ್ಲವನು. ಆ ಕಾಡಿನಲ್ಲಿ ಆ ಭಾಷೆ ಯಾರೊಡನೆ ಆಡಬೇಕಿತ್ತೋ! ದೂತರಿಗೆ ಖಾನನು ಸಿಗಲಿಲ್ಲ, ಹೊಗೆಸೊಪ್ಪು ಸೇದುವ ಜನ ಸಿಕ್ಕರು.

ಕೊಲಂಬಸ್ ಮೆಣಸು, ದಾಲ್ಚಿನ್ನಿಯ ಮಾದರಿಗಳನ್ನು ಸ್ಪೇನಿನಿಂದಲೇ ಒಯ್ದಿದ್ದ. ದ್ವೀಪದವರಿಗೆ ಅವನ್ನು ತೋರಿಸಿ ಇದು ಎಲ್ಲಿ ಬೆಳೆಯುತ್ತದೆ ಎಂದು ಕೈಸನ್ನೆಯಿಂದ ಕೇಳಿದಾಗ ಅವರೂ ಇನ್ನೊಂದು ದಿಕ್ಕಿಗೆ ಕೈ ತೋರಿಸಿದರು. ಕಾಳುಮೆಣಸು ಎಲ್ಲೂ ಇರಲಿಲ್ಲ. ಇದ್ದದ್ದು ಅವರು 'ಅಹಿ' ಎನ್ನುತ್ತಿದ್ದ ಕೆಂಪು ಕಾಯಿ. ಇದು ನಮ್ಮ ಮೆಣಸಿಗಿಂತಲೂ ಉತ್ತಮವೆಂದು ದಿನಚರಿಯಲ್ಲಿ ಬರೆದುಕೊಂಡು ಅವನು ಸಮಾಧಾನಪಟ್ಟ. ಅದೇ ಮೆಣಸಿನಕಾಯಿ. ಮುಂದೆ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ತೀರಕ್ಕೆ ಬಂದಿಳಿದಾಗ ನಮ್ಮವರೂ ಹೆಸರಿಗಾಗಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಇದ್ದ ಮೆಣಸಿಗೆ ಒಂದು 'ಕಾಯಿ' ಸೇರಿಸಿದರು. ಪರಂಗಿ ಹಣ್ಣು, ಅನಾನಸು, ಗೇರು, ಮರಗೆಣಸು ಎಲ್ಲವೂ ಆ ಕಡೆಯವೇ.

ಇನ್ನು, ಆ ದ್ವೀಪಗಳ ಜನರಿಗೆ ಏನಾಯಿತೆಂಬುದನ್ನು ಹೇಳದೆ ಗಿಡಗಳ ಮಾತು ಮಾತ್ರ ಆಡುವುದು ನ್ಯಾಯವಲ್ಲ.

ಇಸ್ಪಾನ್ಯೋಲಾ ಎಂದು ಕೊಲಂಬಸ್ ಹೆಸರಿಟ್ಟ ದೊಡ್ಡ ದ್ವೀಪದಲ್ಲಿ ತೈನೊ ಎಂಬ ಜನರಿದ್ದರು. ಮರಗೆಣಸು, ಹತ್ತಿ ಬೆಳೆಯುವ ಒಕ್ಕಲು ಜನ. 1492ರ ಕ್ರಿಸ್‌ಮಸ್ ಸಮಯದಲ್ಲಿ ಸಾಂತಾ ಮರಿಯಾ ಹಡಗು ಅಲ್ಲಿ ನೆಲಕ್ಕೆ ತಾಗಿ ಒಡೆದಾಗ ಸಾಮಾನನ್ನೆಲ್ಲ ದಡ ಸೇರಿಸಿಕೊಟ್ಟವರು ಅವರೇ. ಮರುವರ್ಷ ಕೊಲಂಬಸ್ 17 ಹಡಗುಗಳಲ್ಲಿ ಸಾವಿರಕ್ಕೂ ಮೀರಿದ ಜನರೊಂದಿಗೆ, ಕುದುರೆ, ದನ, ಹಂದಿ, ಕಬ್ಬಿನ ತುಂಡುಗಳೊಂದಿಗೆ ಬಂದ. ಈ ಸಲದ್ದು ಹುಡುಕಾಟವಲ್ಲ, ಬಂಡವಾಳ ಹೂಡಿದ ವ್ಯಾಪಾರ. ಆದರೆ ಮೆಣಸಿಲ್ಲ, ಚಿನ್ನ ಅಲ್ಪ. ಬರಿಗೈಯಲ್ಲಿ ಹಡಗು ಹಿಂದಿರುಗುವಂತಿರಲಿಲ್ಲ. 1495ರಲ್ಲಿ ಐನೂರಕ್ಕೂ ಮಿಕ್ಕಿ ತೈನೊಗಳನ್ನು ಗುಲಾಮರಾಗಿ ಸ್ಪೇನಿಗೆ ತುಂಬಿ ಕಳಿಸಲಾಯಿತು. ಸುಮಾರು ಇನ್ನೂರು ಮಂದಿ ದಾರಿಯಲ್ಲೇ ಸತ್ತರು. ಚಿನ್ನದ ಸೀಮೆಯಲ್ಲಿ ಹದಿನಾಲ್ಕು ದಾಟಿದ ಪ್ರತಿಯೊಬ್ಬನೂ ಮೂರು ತಿಂಗಳಿಗೊಮ್ಮೆ, ಗಿಡುಗನ ಕಾಲಿಗೆ ಕಟ್ಟುವ ಗೆಜ್ಜೆಯ ತುಂಬ ಚಿನ್ನದ ಪುಡಿ ಒಪ್ಪಿಸಬೇಕೆಂದು ಕಂದಾಯ ಹೇರಿದರು. ಉಳಿದವರು ತಲಾ 25 ಪೌಂಡು ಹತ್ತಿ ಕೊಡಬೇಕು. ಕೊಟ್ಟವನ ಕುತ್ತಿಗೆಗೆ ಗುರುತಿನ ಬಿಲ್ಲೆ. ಹೊಳೆಯ ಮರಳಿನಲ್ಲಿ ಅಷ್ಟು ಚಿನ್ನ ಇರಲೇ ಇಲ್ಲ. ಜನ ನೆಟ್ಟಿ ಬಿಟ್ಟು ಗುಡ್ಡ ಹತ್ತಿದರು, ಬರ ಬಂತು.

1503ರಲ್ಲಿ ಹೊಸ ವ್ಯವಸ್ಥೆ ಸ್ಥಿರವಾಯಿತು. ಇಂತಿಷ್ಟು ತೈನೊಗಳನ್ನು ಇಂತಹ ಸ್ಪೇನಿನವನ ವಶಕ್ಕೆ ಒಪ್ಪಿಸುವುದು. ಅವನು ದುಡಿಸಿಕೊಳ್ಳುವುದು, ಪ್ರತಿಯಾಗಿ ಧರ್ಮ ಬೋಧಿಸುವುದು. ರಾಣಿಯ ಆಜ್ಞೆಯಲ್ಲಿ ಇವರು ಸ್ವತಂತ್ರ ಪ್ರಜೆಗಳೆಂದೂ ಕೂಲಿ ಕೊಡತಕ್ಕದ್ದೆಂದೂ ಸ್ಪಷ್ಟವಾಗಿದೆ. ಕಾಗದಪತ್ರ ನೋಡಿಕೊಳ್ಳುವುದೇ ಕೆಲಸವಾಗಿರುವ ನನಗೆ ಈ ಆಜ್ಞೆಯ ವಿಷಯ ಓದಿದಾಗ ಮೈ ನಡುಗಿತು. ಕಾಗದದಲ್ಲಿ ಎಲ್ಲವೂ ಸರಿಯಿದೆ. ನಾವೂ ಆಳುಗಳಿಂದ ತೋಟ ಮಾಡಿಸುವವರೇ. ಹಾಜರಿ ಪುಸ್ತಕಕ್ಕೂ ಲೈನುಮನೆಯ ನಿಜಸ್ಥಿತಿಗೂ ಎಷ್ಟು ಅಂತರ ಬೆಳೆಯಬಲ್ಲದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತೈನೊಗಳು ಮೊದಲಿಗೆ ಎಷ್ಟಿದ್ದರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಲಕ್ಷದಿಂದ ಹಿಡಿದು ಹಲವು ಲಕ್ಷಗಳವರೆಗೆ ಹೇಳುತ್ತಾರೆ. 1514ರಲ್ಲಿ ಹಂಚಿಕೆಗಾಗಿ ಎಣಿಸಿದಾಗ ಸಿಕ್ಕವರು ಸುಮಾರು 26 ಸಾವಿರ. ಸಿಡುಬೇ ಎಲ್ಲಕ್ಕೂ ಕಾರಣ ಎನ್ನುವವರು ಗಮನಿಸಬೇಕು: ದ್ವೀಪಕ್ಕೆ ಸಿಡುಬು ಬಂದ ದಾಖಲೆ ಇರುವುದು 1518ರ ಕೊನೆಯಲ್ಲಿ. ಅಷ್ಟರಲ್ಲೇ ಗಣಿಯೂ ಹಸಿವೂ ತಮ್ಮ ಕೆಲಸ ಮಾಡಿದ್ದವು.

ಇದನ್ನು ಕಂಡೂ ಎಲ್ಲರೂ ಸುಮ್ಮನಿರಲಿಲ್ಲ. 1511ರ ಡಿಸೆಂಬರಿನಲ್ಲಿ ಸಾಂತೊ ಡೊಮಿಂಗೊದ ಇಗರ್ಜಿಯಲ್ಲಿ ಅಂತೋನಿಯೊ ದ ಮೊಂತೆಸಿನೋಸ್ ಎಂಬ ಪಾದ್ರಿ, ಕೊಲಂಬಸ್ಸನ ಮಗನೂ ಅಲ್ಲಿನ ಅಧಿಪತಿಯೂ ಆದ ದಿಯೆಗೊನನ್ನು ಎದುರಿಗೆ ಕೂರಿಸಿಕೊಂಡೇ, ಯಾವ ಹಕ್ಕಿನಿಂದ ಈ ಜನರನ್ನು ಹಿಂಸಿಸುತ್ತೀರಿ ಎಂದು ಕೇಳಿದ. ಭೂಮಾಲಿಕರು ಸಿಟ್ಟಾಗಿ ದೂರು ಕೊಂಡೊಯ್ದರು. ಬಾರ್ತೊಲೊಮೆ ದ ಲಾಸ್ ಕಾಸಾಸ್‌ನ ವಿಷಯ ಇನ್ನೂ ವಿಚಾರಾರ್ಹ. ಅವನು ಸ್ವತಃ ಆಳುಗಳ ಪಾಲು ಪಡೆದ ಒಡೆಯ. 1514ರಲ್ಲಿ ಅದನ್ನು ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನೆಲ್ಲ ಇವರ ಪರ ವಾದಿಸುವುದರಲ್ಲಿ ಕಳೆದ. 1542ರ ಹೊಸ ಕಾನೂನುಗಳಲ್ಲಿ ಅವನ ಶ್ರಮವಿದೆ. ಆದರೆ ಅದೇ ಲಾಸ್ ಕಾಸಾಸ್, ತೈನೊಗಳ ಬದಲು ಆಫ್ರಿಕಾದ ಗುಲಾಮರನ್ನು ತರಿಸಬಹುದೆಂದು ಒಮ್ಮೆ ಸಲಹೆ ಕೊಟ್ಟಿದ್ದ. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು ಬರೆದ. 1518ರಲ್ಲಿ ರಾಜ ಚಾರ್ಲ್ಸ್ ಆಫ್ರಿಕಾದಿಂದ ನೇರವಾಗಿ ಗುಲಾಮರನ್ನು ಸಾಗಿಸಲು ಪರವಾನಗಿ ಕೊಟ್ಟ. ಅಷ್ಟರಲ್ಲಿ ಚಿನ್ನ ಮುಗಿದು ಕಬ್ಬಿನ ಆಲೆಮನೆಗಳು ಎದ್ದಿದ್ದವು. 1521ರ ಡಿಸೆಂಬರಿನಲ್ಲಿ ಗುಲಾಮರು ದಂಗೆ ಎದ್ದದ್ದು ದಿಯೆಗೊ ಕೊಲಂಬಸ್ಸನ ಕಬ್ಬಿನ ತೋಟದಿಂದಲೇ. ಒಂದೇ ಬೆಳೆ, ದೂರದ ಮಾರುಕಟ್ಟೆ, ಒತ್ತಾಯದ ದುಡಿಮೆ: ಅಮೆರಿಕದ ತೋಟಗಾರಿಕೆ ಹುಟ್ಟಿದ್ದು ಹೀಗೆ.

ಮೆಣಸೇನೋ ಕೊನೆಗೂ ಸಿಕ್ಕಿತು, ಆದರೆ ಬೇರೆಯವರಿಗೆ. 1498ರ ಮೇ ತಿಂಗಳಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ಅದೇ ತಿಂಗಳ 30ರಂದು ಕೊಲಂಬಸ್ ಮೂರನೆಯ ಬಾರಿ ಪಶ್ಚಿಮಕ್ಕೆ ಹೊರಟ. ಗಾಮನ ಹಡಗುಗಳು ಹಿಂದಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿ ನೀರು ತುಂಬಿಕೊಂಡವು. ಕೊಲಂಬಸ್ಸನನ್ನು 1500ರಲ್ಲಿ ಕೈಕೋಳ ತೊಡಿಸಿ ಸ್ಪೇನಿಗೆ ತಂದರು. 1502ರಲ್ಲಿ ನಾಲ್ಕನೆಯ ಪ್ರವಾಸದಲ್ಲಿ, ಹೊಂಡುರಾಸಿನ ಬಳಿ ಸಿಕ್ಕ ದೊಡ್ಡ ದೋಣಿಯೊಂದರಲ್ಲಿ ಬಾದಾಮಿಯಂತಹ ಬೀಜಗಳಿದ್ದವು. ಒಂದು ಬೀಜ ಕೆಳಗೆ ಬಿದ್ದರೂ ದೋಣಿಯವರು ಕಣ್ಣೇ ಉದುರಿತೋ ಎಂಬಂತೆ ಬಗ್ಗಿ ಹೆಕ್ಕುತ್ತಿದ್ದರೆಂದು ಜೊತೆಗಿದ್ದ ಮಗ ಫರ್ನಾಂಡೊ ನೆನಪಿಟ್ಟು ಬರೆದಿದ್ದಾನೆ. ಅವು ಕೋಕೋ ಬೀಜಗಳು. ನಮ್ಮ ಅಡಿಕೆ ತೋಟಗಳ ನಡುವೆ ನಿಂತು, 1986ರಿಂದ ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆಯಲ್ಲಿ ಚಾಕೊಲೇಟಾಗುತ್ತಿರುವ ಬೆಳೆ. ಕೊಲಂಬಸ್ ಅದನ್ನು ನೋಡಿ ಮುಂದೆ ಹೋದ.

ಕಾಫಿ ಬೆಳೆಗಾರರು ತಿಳಿಯಬೇಕಾದ ಮಾತೊಂದು ಉಳಿದಿದೆ. ಇಸ್ಪಾನ್ಯೋಲಾದ ಪಶ್ಚಿಮ ಭಾಗ 1697ರಲ್ಲಿ ಫ್ರೆಂಚರ ಪಾಲಾಯಿತು. ಸಾವಿರಾರು ಮೈಲಿ ಆಚೆಯಿಂದ ಬಂದ ಕಾಫಿ ಗಿಡ ಅಲ್ಲಿನ ಗುಡ್ಡಗಳಲ್ಲಿ ಬೇರೂರಿತು. 1780ರ ದಶಕದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಅರ್ಧದಷ್ಟು ಆ ಪುಟ್ಟ ವಸಾಹತಿನಿಂದಲೇ ಬರುತ್ತಿತ್ತು. ಅದನ್ನು ಕುಯ್ದು ಒಣಗಿಸುತ್ತಿದ್ದವರು ಗುಲಾಮರು. 1791ರಲ್ಲಿ ಅವರು ತಿರುಗಿಬಿದ್ದರು, ಸಕ್ಕರೆ ಮತ್ತು ಕಾಫಿ ತೋಟಗಳು ಸುಟ್ಟುಹೋದವು. ಹದಿಮೂರು ವರ್ಷಗಳ ಹೋರಾಟದ ಬಳಿಕ, 1804ರ ಜನವರಿ 1ರಂದು ಸ್ವತಂತ್ರರಾದಾಗ ಅವರು ಫ್ರೆಂಚರು ಕೊಟ್ಟ ಹೆಸರನ್ನು ಬಿಟ್ಟು, ತೈನೊಗಳ ಕಾಲದ ಹಳೆಯ ಹೆಸರನ್ನೇ ನಾಡಿಗೆ ಇಟ್ಟರು: ಹೈಟಿ.