ಮಾತು ಮಿದುಳನ್ನು ಮುಟ್ಟುವ ಬಗೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ನೆಲಮಂಗಲಕ್ಕೆ ಮುನ್ನ ಸಿಗುವ ಊರು ಮಾಕಳಿ. ಹೊಲಗಳಿದ್ದ ಕಡೆ ಈಗ ಕಾರ್ಖಾನೆಗಳೂ ಬಡಾವಣೆಗಳೂ ತಲೆಯೆತ್ತಿವೆ. ಇಂತಹ ಊರಿನ ಯಾವುದಾದರೊಂದು ಮನೆಯಲ್ಲಿ ಸೊಸೆ ತಿಂಗಳುಗಟ್ಟಲೆ ಮಂಕಾಗಿದ್ದಾಳೆ ಎಂದು ಭಾವಿಸಿಕೊಳ್ಳೋಣ. ಊಟ ಸೇರದು, ನಿದ್ರೆ ಹತ್ತದು; ಮಗುವಿನ ನಗುವೂ ಅವಳನ್ನು ತಟ್ಟದು. ಮನೆಯವರು ಮೊದಲು ಆಯಾಸವೆನ್ನುತ್ತಾರೆ, ಆಮೇಲೆ ಸೋಮಾರಿತನವೆನ್ನುತ್ತಾರೆ, ಕೊನೆಗೆ ದೃಷ್ಟಿ ತಾಗಿತೆಂದು ತಾಯತ ಕಟ್ಟಿಸುತ್ತಾರೆ. ಹೇಗೋ ಮನೋವೈದ್ಯರ ಬಳಿಗೆ ಹೋದರೆ, ಅವರು “ವಾರಕ್ಕೊಮ್ಮೆ ಬಂದು ಮಾತನಾಡಬೇಕು” ಎನ್ನುತ್ತಾರೆ. “ಮಾತನಾಡುವುದಕ್ಕೆ ಅಷ್ಟು ದೂರ ಹೋಗಬೇಕೆ? ಮನೆಯಲ್ಲಿ ನಾವಿಲ್ಲವೆ?” ಎಂಬುದು ಅತ್ತೆಯ ಪ್ರಶ್ನೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತು ಮಿದುಳನ್ನು ಸೇರುತ್ತದೆ. ಬರಿಯ ಮಾತು ಯಾವ ದಾರಿಯಿಂದ ಸೇರೀತು?

ಕಲಿಕೆಯ ದಾರಿ

ಅದು ಸೇರುವುದು ಕಲಿಕೆಯ ದಾರಿಯಿಂದ. ಏನನ್ನಾದರೂ ಕಲಿತಾಗ ನರಕೋಶಗಳ ನಡುವಣ ಸಂಪರ್ಕಗಳೇ ಮಾರ್ಪಡುತ್ತವೆಂಬುದನ್ನು ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಕಡಲಿನ ಬಸವನಹುಳುವಿನ ಮೇಲೆ ಪ್ರಯೋಗ ನಡೆಸಿ ತೋರಿಸಿದರು. 2000ದಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ವೀಣೆ ಕಲಿತ ಬೆರಳಿನಂತೆ, ದುಃಖವನ್ನೇ ಮತ್ತೆ ಮತ್ತೆ ಮೆಲುಕು ಹಾಕಿದ ಮನಸ್ಸೂ ಒಂದು ಜಾಡು ಹಿಡಿಯುತ್ತದೆ. ಆ ಜಾಡನ್ನು ಬಿಡಿಸಿ ಬೇರೊಂದನ್ನು ರೂಢಿಸುವುದೇ ಮಾತಿನ ಚಿಕಿತ್ಸೆಯ ಕೆಲಸ.

ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ‘ಅಮಿಗ್ಡಲ’ ಇದೆ. ಭಯ ಮೊದಲಾದ ಭಾವನೆಗಳಿಗೆ ಅದು ಕಾವಲುಗಾರನಿದ್ದಂತೆ. ಅದರ ನೆರೆಯಲ್ಲೇ ನೆನಪುಗಳನ್ನು ಹೆಣೆಯುವ ‘ಹಿಪೊಕ್ಯಾಂಪಸ್’ ಇದೆ. ಇವೆರಡಕ್ಕೂ ಕಡಿವಾಣ ಹಾಕಿ ವಿವೇಚಿಸುವುದು ಹಣೆಯ ಹಿಂಬದಿಯ ಭಾಗ. ಖಿನ್ನತೆಯಲ್ಲಿ ಈ ಮೂರರ ಹೊಂದಾಣಿಕೆ ಕೆಡುತ್ತದೆ.

ಚಿತ್ರಗಳು ಹೇಳಿದ್ದೇನು?

1960ರ ದಶಕದಲ್ಲಿ ಅಮೆರಿಕೆಯ ಆರನ್ ಬೆಕ್ ಎಂಬ ವೈದ್ಯರು, ಖಿನ್ನರು ತಮ್ಮನ್ನೂ ಲೋಕವನ್ನೂ ಭವಿಷ್ಯವನ್ನೂ ಒಂದೇ ಕಪ್ಪು ಕನ್ನಡಕದಿಂದ ನೋಡುತ್ತಾರೆಂಬುದನ್ನು ಗುರುತಿಸಿ, ಆ ಯೋಚನೆಗಳನ್ನೇ ಪರೀಕ್ಷೆಗೊಡ್ಡುವ ಚಿಕಿತ್ಸೆಯನ್ನು ರೂಪಿಸಿದರು. 2004ರಲ್ಲಿ ಟೊರಾಂಟೊದ ಸಂಶೋಧಕರು ಈ ಚಿಕಿತ್ಸೆಯಿಂದ ಗುಣ ಕಂಡವರ ಮಿದುಳಿನ ಚಿತ್ರಗಳನ್ನು ಪ್ರಕಟಿಸಿದರು. ಹಣೆಯ ಭಾಗದ ಅತಿಯಾದ ಚಟುವಟಿಕೆ ತಗ್ಗಿತ್ತು. ಹಿಪೊಕ್ಯಾಂಪಸಿನ ಚಟುವಟಿಕೆ ಏರಿತ್ತು. ಮಾತ್ರೆಯಿಂದ ಗುಣವಾದವರಲ್ಲಿ ಇದಕ್ಕೆ ವಿರುದ್ಧವಾದ ಬದಲಾವಣೆ ಕಂಡುಬಂದಿತು. ಮಾತ್ರೆ ಕೆಳಗಿನಿಂದಲೂ ಮಾತು ಮೇಲಿನಿಂದಲೂ ಒಂದೇ ಮನೆಯನ್ನು ರಿಪೇರಿ ಮಾಡುವಂತೆ ತೋರಿತು.

2025ರಲ್ಲಿ ಜರ್ಮನಿಯ ಹಾಲೆ ವಿಶ್ವವಿದ್ಯಾನಿಲಯದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಖಿನ್ನತೆಯ 30 ಮಂದಿ ಸುಮಾರು 20 ಸಲ ಇಂತಹ ಚಿಕಿತ್ಸೆಗೆ ಕುಳಿತ ಬಳಿಕ, ಅವರ ಎಡ ಅಮಿಗ್ಡಲದಲ್ಲಿಯೂ ಬಲ ಹಿಪೊಕ್ಯಾಂಪಸಿನ ಮುಂಭಾಗದಲ್ಲಿಯೂ ಬೂದುದ್ರವ್ಯ ಹೆಚ್ಚಿತ್ತು. ಅಮಿಗ್ಡಲದಲ್ಲಿ ಹೆಚ್ಚಳ ಎದ್ದುಕಂಡವರಲ್ಲಿ ಭಾವನೆಗಳನ್ನು ಹತೋಟಿಯಲ್ಲಿಡುವ ತೊಡಕೂ ಹೆಚ್ಚಾಗಿ ಇಳಿದಿತ್ತು. ಮೂವತ್ತು ಮಂದಿ ಸಣ್ಣ ಸಂಖ್ಯೆ. ದೊಡ್ಡ ಗುಂಪುಗಳಲ್ಲಿ ಇದು ದೃಢಪಡಬೇಕು. ಆದರೂ ಮಾತಿನ ಗುರುತು ಮಿದುಳಿನಲ್ಲಿ ಅಳತೆಗೆ ಸಿಗುತ್ತದೆಂಬುದು ಸಾಮಾನ್ಯ ಸಂಗತಿಯಲ್ಲ.

ನಮ್ಮ ನಾಡಿನಲ್ಲಿ

ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದುಗೂಡಿ ಇಂದಿನ ನಿಮ್ಹಾನ್ಸ್ ಆಯಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋವಿಜ್ಞಾನವನ್ನು ತಿಳಿಗನ್ನಡದ ನೂರಾರು ಪುಸ್ತಕಗಳ ಮೂಲಕ ಮನೆಮನೆಗೆ ಮುಟ್ಟಿಸಿದ್ದಾರೆ. ಇದೇ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳ ಸಮೀಕ್ಷೆ ನಡೆಯಿತು. ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುವವರು ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರೆಂದು ಅದು ತಿಳಿಸಿತು. ಈ ರೋಗವಿರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಅಷ್ಟು ಜನರಿಗೆ ಮನೋವೈದ್ಯರನ್ನು ಎಲ್ಲಿಂದ ತರುವುದು? ನೆರೆಯ ಗೋವೆಯಿಂದ ಒಂದು ಉತ್ತರ ಬಂದಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿಯಿತ್ತು, ಆರೆಂಟು ಭೇಟಿಗಳ ಸಂವಾದವನ್ನು ಏರ್ಪಡಿಸಲಾಯಿತು. 2017ರಲ್ಲಿ ಪ್ರಕಟವಾದ ವರದಿಯಂತೆ, ಮೂರು ತಿಂಗಳಲ್ಲಿ ಈ ಸಂವಾದ ಪಡೆದ ನೂರರಲ್ಲಿ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಆರೈಕೆಯಷ್ಟನ್ನೇ ಪಡೆದವರಲ್ಲಿ ಹೊರಬಂದವರು 39.

ಮನೆಮಾತಿಗೂ ಮದ್ದಿನ ಮಾತಿಗೂ ಇರುವ ಅಂತರ

ಹಾಗಾದರೆ ಮನೆಯವರ ಮಾತು ಸಾಲದೆ? ಮನೆಯವರ ಮಾತಿನಲ್ಲಿ ವಾತ್ಸಲ್ಯವಿರುತ್ತದೆ; ಆದರೆ ಬಹುಮಟ್ಟಿಗೆ ಅದು “ಧೈರ್ಯ ತಂದುಕೋ” ಎಂಬಲ್ಲಿಗೆ ಮುಗಿದುಬಿಡುತ್ತದೆ. ಚಿಕಿತ್ಸಕ ಬುದ್ಧಿವಾದ ಹೇಳುವುದಿಲ್ಲ. “ನಾನು ಯಾವುದಕ್ಕೂ ಬಾರದವಳು” ಎಂದವಳಿಗೆ, ಆ ಯೋಚನೆ ಎಂದು, ಯಾವ ಸಂದರ್ಭದಲ್ಲಿ ಬಂದಿತೆಂಬುದನ್ನು ಬರೆದು ತರಲು ಹೇಳುತ್ತಾನೆ. ಅದಕ್ಕೆ ಆಧಾರವೇನೆಂದು ಅವಳೊಡನೆಯೇ ಕುಳಿತು ಪರಿಶೀಲಿಸುತ್ತಾನೆ. ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮರಳಿ ಹಿಡಿಸುತ್ತಾನೆ. ಹೀಗೆ ವಾರವಾರವೂ ಅಭ್ಯಾಸವಾದದ್ದು ಚಿಕಿತ್ಸೆ ಮುಗಿದ ಮೇಲೂ ಉಳಿಯುವುದರಿಂದ ರೋಗ ಮರುಕಳಿಸುವ ಸಂಭವವೂ ಕಡಿಮೆ. ಆದರೆ ತೀವ್ರ ಖಿನ್ನತೆಗೆ ಔಷಧಿಯೂ ಬೇಕು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯಕರ.

2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯಲ್ಲಿ 14416ಕ್ಕೆ ದೂರವಾಣಿ ಮಾಡಿದರೆ ಹಗಲಿರುಳೆನ್ನದೆ, ಕನ್ನಡದಲ್ಲಿಯೇ, ಸಲಹೆ ಉಚಿತವಾಗಿ ದೊರೆಯುತ್ತದೆ. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದಾಗಲಂತೂ ತಡಮಾಡಬಾರದು. ಉಳಿದ ದಿನಗಳಲ್ಲಿ ಮನೆಯವರು ಮಾಡಬಹುದಾದ ಉಪಕಾರ ದೊಡ್ಡದೇನಲ್ಲ: ವಾರಕ್ಕೊಂದು ಮಧ್ಯಾಹ್ನ ಅಡಿಗೆಮನೆಯನ್ನೂ ಮಗುವನ್ನೂ ತಾವು ನೋಡಿಕೊಂಡು, ಅವಳು ಹೋಗಿ ಬರುವುದಕ್ಕೆ ದಾರಿ ಮಾಡಿಕೊಡುವುದು, ಮರಳಿ ಬಂದಾಗ “ಏನು ಮಾತನಾಡಿದೆ?” ಎಂದು ಕೆದಕದಿರುವುದು.